ಇನ್ನೂ ಅಚ್ಚಾಗದ ಬೆಲೆ

ಭಾಲಚಂದ್ರರಾಯರು ನೋಟಿನತ್ತ ನೋಡಲಿಲ್ಲ.

ನಲವತ್ತು ವರ್ಷಗಳಿಂದ ನಿಜಾಮನ ಕಾಲದ ಕಾಗದದ ಹಣವನ್ನಲ್ಲದೆ ಬೇರೇನನ್ನೂ ಪ್ರೀತಿಯಿಂದ ನೋಡದ ಮನುಷ್ಯ ಅವರು. ಅಂಥವರ ಮೇಜಿನ ಮೇಲೆ, ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿ, ನೂರು ರೂಪಾಯಿಯ ಹಾಲಿ ನೋಟೊಂದು ಬಿದ್ದಿತ್ತು. ನಿಜಾಮನ ಸರಕಾರದ ಸ್ವಂತ ರೂಪಾಯಿಗೆ ಈ ಸೀಮೆಯ ಹಿರಿಯರು ಇಂದಿಗೂ ‘ಹಾಲಿ’ ಎಂದೇ ಹೇಳುತ್ತಾರೆ. ರಾಯರ ಕಣ್ಣು ಮಾತ್ರ ಕಿಟಕಿಯ ಆಚೆ, ಭಾಲ್ಕಿಯ ಆ ಓಣಿಯಲ್ಲಿ ಟ್ಯಾಂಕರಿಗಾಗಿ ಸಾಲುಗಟ್ಟಿದ ಕೊಡಗಳ ಮೇಲಿತ್ತು.

ಹಸಿದವನು ತಾಟಿನಿಂದ ಮುಖ ತಿರುಗಿಸಿದರೆ, ಆ ತಾಟಿನಲ್ಲಿ ಏನಿದೆಯೆಂಬುದು ಅವನಿಗೆ ಮೊದಲೇ ಗೊತ್ತಿದೆ. ಆ ನೋಟನ್ನು ತಂದಿದ್ದ ನರಸಿಂಗ ತನ್ನ ಕುರ್ಚಿಯನ್ನು ತುಸು ಮುಂದಕ್ಕೆ ಎಳೆದುಕೊಂಡ.

"ಮಾಸ್ತರ್ರ, ನೋಟು ಇಲ್ಲಿ ಅದರಿ. ನೀವು ಕೊಡ ಎಣಸಾಕತ್ತೀರಿ."

"ಕಣ್ಣು ನನ್ನವು. ಎಲ್ಲಿ ಇಡಬೇಕು ಅನ್ನೋದು ನಾ ನೋಡ್ಕೋತೇನಿ."

ಈ ಹಗೆ ಬಾಗಿಲಲ್ಲೇ ಹುಟ್ಟಿಕೊಂಡಿತ್ತು. ರಾಯರು ಅವನನ್ನು ಯಾವ ಊರೆಂದು ಕೇಳಿದ್ದರು. ಕಮಠಾಣ ಎಂದಾಗ, ಕಮಠಾಣದಲ್ಲಿ ಯಾರ ಪೈಕಿ ಎಂದು ಕೇಳಿದ್ದರು. ಆ ಪ್ರಶ್ನೆಯ ಬೇರು ಎಲ್ಲಿಗೆ ಇಳಿಯುತ್ತದೆಂಬುದನ್ನು ನರಸಿಂಗ ಅರವತ್ತೊಂದು ವರ್ಷಗಳಿಂದ ಬಲ್ಲ. ಪೊಲೀಸ್ ಬೆರಳಚ್ಚು ವಿಭಾಗದ ಪೈಕಿ ಎಂದು ಉತ್ತರಿಸಿ ಹೊಸ್ತಿಲು ದಾಟಿದ್ದ. ಕೂತುಕೊಳ್ಳಿರೆಂದು ಯಾರೂ ಹೇಳಿರಲಿಲ್ಲ. ಗೋಡೆಗೊರಗಿದ್ದ ಕುರ್ಚಿಯನ್ನು ತಾನೇ ತಂದುಕೊಂಡು ಕೂತಿದ್ದ.

ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಐದು ಗಂಟೆಗೆ ಔರಾದಿನ ಪೊಲೀಸರು ಶಾಲುಬಾಯಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವವರಿದ್ದರು. ಔರಾದಿನ ನೀರಿನ ಗುತ್ತಿಗೆದಾರ ಗೋವಿಂದರಾವನ ಮನೆಯಲ್ಲಿ ಕಸ ಮುಸುರೆ ಮಾಡುವ ಹೆಣ್ಣುಮಗಳು ಆಕೆ; ಅವನ ಕಪಾಟಿನಿಂದ ಇದೇ ನೋಟನ್ನು ಕದ್ದಳೆಂಬುದು ನಿನ್ನೆ ಸಂಜೆ ಅವನು ಕೊಟ್ಟ ಫಿರ್ಯಾದಿ. ಆಕೆಯ ಗಂಡ ಕಾಶೀರಾಮ ಪುಣೆಯ ಕಟ್ಟಡ ಕೆಲಸಕ್ಕೆ ಹೊರಟ ಮೂವತ್ತು ಜನರ ಗುಂಪಿನೊಡನೆ ಔರಾದಿನಲ್ಲಿ ಟ್ರಕ್ಕಿನ ಬಳಿ ಕಾಯುತ್ತಿದ್ದ; ನರಸಿಂಗನ ಸಹಾಯ ಬೇಡಿದ್ದವನು ಅವನೇ. ಕಳ್ಳಿಯೆಂಬ ಹೆಸರು ಒಮ್ಮೆ ಅಂಟಿತೆಂದರೆ ಕೂಲಿಯವರನ್ನು ಕರೆದೊಯ್ಯುವ ಯಾವ ಮುಕಾದಮನೂ ಆಕೆಯನ್ನು ಇನ್ನೊಂದು ಟ್ರಕ್ಕಿಗೆ ಹತ್ತಿಸುವವನಲ್ಲ. ಬಾವಿಗಳು ಬತ್ತಿ ಊರಿಗೆ ಊರೇ ಗುಳೆ ಹೊರಟಿದ್ದ ಆ ಬೇಸಿಗೆಯಲ್ಲಿ, ಟ್ರಕ್ಕು ಹತ್ತದೆ ಉಳಿದವರಿಗೆ ಉಣ್ಣಲು ಇರುತ್ತಿದ್ದುದು ಬಿಸಿಲು ಮಾತ್ರ.

ನೋಟು ಸಿಕ್ಕಿದೆಯೆಂಬ ಸುದ್ದಿ ಪೊಲೀಸರಿಗೆ ಇನ್ನೂ ತಲುಪಿರಲಿಲ್ಲ. ನರಸಿಂಗ ಅದನ್ನು ಅಂದು ಬೆಳಿಗ್ಗೆ ಬೀದರಿನ ಹಳೆಯ ನೋಟುಗಳ ವ್ಯಾಪಾರಿ, ತನ್ನ ಪರಿಚಯದ ಸಲಾವೋದ್ದೀನನ ಹಣದ ಗಲ್ಲೆಯಿಂದ, ಸಂಜೆಗೆ ಮರಳಿಸುವೆನೆಂದು ಬರೆದುಕೊಟ್ಟು ತಂದಿದ್ದ. ನೋಟನ್ನು ಮೊದಲು ಪಸಂದಿಗೆಂದು ಅಂಚೆಯಲ್ಲಿ ಕಳಿಸಿ, ಹಣವನ್ನು ಆಮೇಲೆ ಪಡೆಯುವುದು ಈ ಹವ್ಯಾಸದವರ ಹಳೆಯ ರೂಢಿ. ಹಾಗೆಯೇ ವಾರದ ಹಿಂದೆ ಇದು ಭಾಲ್ಕಿಯಿಂದ ರಿಜಿಸ್ಟರ್ ಅಂಚೆಯಲ್ಲಿ ಬಂದಿತ್ತು. ಕಳಿಸಿದವನ ಹೆಸರು ಹುಡುಕಿದರೆ ಸಿಗದಂಥದು. ಜೊತೆಗೆ ಸಹಿಯಿಲ್ಲದ, ಕಂಪ್ಯೂಟರಿನಲ್ಲಿ ಟೈಪು ಮಾಡಿದ ಮೂರು ಸಾಲಿನ ಚೀಟಿ. ಕದ್ದ ಮಾಲು ಇಟ್ಟುಕೊಂಡವನೆಂಬ ಆಪಾದನೆಗೆ ಅಂಜಿ ಸಲಾವೋದ್ದೀನ ಪೊಲೀಸರ ಮಟ್ಟಿಗೆ ಬಾಯಿ ಹೊಲಿದುಕೊಂಡಿದ್ದ.

ಆ ಚೀಟಿಯನ್ನು ನರಸಿಂಗ ಈಗ ನೋಟಿನ ಪಕ್ಕದಲ್ಲಿ ಇಟ್ಟ.

ಅದರ ಪಕ್ಕದಲ್ಲಿ ಇನ್ನೊಂದು ವಸ್ತುವನ್ನೂ ಇಟ್ಟ. ನೀಲಿ ರಟ್ಟಿನ, ನೂರಾ ಅರವತ್ತು ಪುಟಗಳ ಪುಸ್ತಕ. ಇಪ್ಪತ್ತಾರು ವರ್ಷಗಳಿಂದ ಪ್ರತಿ ಅಕ್ಷಯ ತೃತೀಯೆಗೆ ತಪ್ಪದೆ ಹೊರಬರುತ್ತಿದ್ದ, ಹಾಲಿ ನೋಟುಗಳ ವಾರ್ಷಿಕ ದರ ಕೈಪಿಡಿ. ಸಂಪಾದಕರು: ಭಾಲಚಂದ್ರರಾಯರು, ನಿವೃತ್ತ ಇತಿಹಾಸ ಶಿಕ್ಷಕರು, ಭಾಲ್ಕಿ.

ತಮ್ಮ ಪುಸ್ತಕವನ್ನು ಕಂಡಾಗ ಮಾತ್ರ ರಾಯರ ಕಣ್ಣು ಕಿಟಕಿಯಿಂದ ಒಳಗೆ ಬಂತು.

"ಅದನ್ನ ಸಲಾವೋದ್ದೀನನ ಹತ್ರದಿಂದ ತಂದೀರೇನು?"

"ಅವನ ಗಲ್ಲೆ ಒಂದು ಕಡಿ ಕುಂಟ್ತಿತ್ತರಿ. ಅದರ ಕೆಳಗ ಇಟ್ಟಿದ್ದ."

ಒಳಬಾಗಿಲಿನಿಂದ ಒಂದು ಸಣ್ಣ ನಗೆ ಕೇಳಿಸಿತು. ರಾಯರ ಮಗಳು ಅಲಕಾ ಕೈಯಲ್ಲಿ ಫೋನು ಹಿಡಿದು ಚೌಕಟ್ಟಿಗೆ ಆತುಕೊಂಡು ನಿಂತಿದ್ದಳು. ನಲವತ್ತರ ಅಂಚಿನ, ತಂದೆಯ ಮೂಗನ್ನೂ ತಂದೆಯ ಹಟವನ್ನೂ ಸಮನಾಗಿ ಪಡೆದ ಹೆಂಗಸು. ಕೈಪಿಡಿಯ ಕರಡನ್ನು ಪ್ರತಿ ವರ್ಷ ತಿದ್ದುವವಳು ಆಕೆ. ಪ್ರತಿ ದಿನ ಅದನ್ನು ಹಳಿಯುವವಳೂ ಆಕೆಯೇ.

"ನಗ್ತೀ ಯಾಕ?" ಎಂದರು ರಾಯರು, ತಿರುಗಿ ನೋಡದೆ.

"ಗಲ್ಲೆಗಾದ್ರೂ ಉಪಯೋಗಕ್ಕ ಬಂತಲ್ಲ ಬಾಬಾ. ಹೋದ ವರ್ಷ ಮುನ್ನೂರು ಅಚ್ಚು ಹಾಕಿಸೀರಿ. ಇನ್ನೂರು ನಿಮ್ಮ ಮಂಚದ ಕೆಳಗ ಮಲಗ್ಯಾವ."

ಈ ಜಗಳ ಹಳೆಯದು, ಕೇಳಲು ಹೊರಗಿನ ಕಿವಿಯೊಂದು ಸಿಕ್ಕಿದ್ದರಿಂದ ಹೊಸ ಉಮೇದಿನಿಂದ ಎದ್ದದ್ದು ಎಂಬುದನ್ನು ನರಸಿಂಗ ಗ್ರಹಿಸಿದ. ಅವರವರೇ ಆಡಿಕೊಳ್ಳಲೆಂದು ಸುಮ್ಮನೆ ಕೂತ.

ಅಲಕಾ ಹೇಳಿದ್ದಿಷ್ಟು: ನೋಟು ಸಂಗ್ರಹಿಸುವವರು ಈಗ ಪುಸ್ತಕ ತೆರೆಯುವುದಿಲ್ಲ, ಫೋನು ತೆರೆಯುತ್ತಾರೆ. ಬೆಳಿಗ್ಗೆಯ ಬೆಲೆ ಸಂಜೆಗೆ ಇರುವುದಿಲ್ಲ. ಈ ನೂರರ ನೋಟಿನ ಮೇಲಿನ ಸಹಿ ಅಪರೂಪದ್ದೆಂದು ದೀಪಾವಳಿಯ ನಂತರ ಯಾರೋ ಕಂಡುಹಿಡಿದರು. ಒಂದು ವಾರದಲ್ಲಿ ಅದರ ಬೆಲೆ ಎರಡು ಲಕ್ಷಕ್ಕೆ ಏರಿತು. ಬಾಬಾನ ಪುಸ್ತಕದಲ್ಲಿ ಇನ್ನೂ ನಲವತ್ತಾರು ಸಾವಿರವೇ ಇದೆ. ಗುಳೆ ಹೋಗುವ ಮಂದಿ ಅಜ್ಜಿಯ ಪೆಟಾರಿಯಿಂದ ಇಂಥ ನೋಟುಗಳನ್ನು ತೆಗೆದುಕೊಂಡು ಬರುತ್ತಾರೆ. ವ್ಯಾಪಾರಿ ಅವರ ಮುಂದೆ ಈ ಪುಸ್ತಕ ಹಿಡಿದು, ನೋಡ್ರಿ, ಅಚ್ಚಾಗಿದೆ ಎನ್ನುತ್ತಾನೆ. ಪುಸ್ತಕದ ದರಕ್ಕೆ ಕೊಂಡು ಫೋನಿನ ದರಕ್ಕೆ ಮಾರುತ್ತಾನೆ.

"ಕಳ್ಳರಿಗಿ ಸರ್ಟಿಫಿಕೇಟ್ ಬರದು ಕೊಟ್ಟಂಗ ಆಗ್ಯದ ನಿಮ್ಮ ಕೈಪಿಡಿ," ಎಂದಳು.

ರಾಯರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ತರಗತಿಯಲ್ಲಿ ದಡ್ಡನೊಬ್ಬನಿಗೆ ಕೊನೆಯ ಬಾರಿ ಬಿಡಿಸಿ ಹೇಳುವವರ ಹಾಗೆ ನಿಧಾನವಾಗಿ ಮಾತಾಡಿದರು. ಫೋನಿನಲ್ಲಿ ಬರುವುದು ಬೆಲೆಯಲ್ಲ, ಲಿಲಾವಿನ ಕೂಗು. ಎರಡು ಲಕ್ಷವೆಂದು ಕೂಗಿದವನು ನಾಳೆ ಆ ಕೂಗನ್ನೇ ಅಳಿಸಿಹಾಕುತ್ತಾನೆ. ಅಚ್ಚಾದ ಅಕ್ಷರವನ್ನು ಯಾರೂ ಅಳಿಸಲಾರರು. ಒಂದೇ ನೋಟು ಎರಡು ಬಾರಿ ಕೈ ಬದಲಾಯಿಸಿ, ಎರಡೂ ಬಾರಿ ಅದೇ ಬೆಲೆ ಬಂದ ಮೇಲೆಯೇ ತಾವು ಅದನ್ನು ಬರೆಯುವುದು. ಪುಸ್ತಕವಿಲ್ಲದಿದ್ದರೆ ಪೆಟಾರಿಯ ಆ ನೋಟಿಗೆ ವ್ಯಾಪಾರಿ ನಲವತ್ತಾರು ಸಾವಿರವನ್ನಲ್ಲ, ನಾಲ್ಕು ನೂರನ್ನು ಕೊಡುತ್ತಿದ್ದ. ಓದುಬರಹ ಬಲ್ಲ ಒಬ್ಬನಾದರೂ ಹಳ್ಳಿಯಲ್ಲಿ ಪುಟ ತೆರೆದು ಬೆರಳಿಟ್ಟು, ಇಲ್ಲಿ ಬರೆದಿದೆ, ಕೊಡು ಎಂದು ಕೇಳಬಲ್ಲ.

ನರಸಿಂಗನಿಗೆ ಇಬ್ಬರ ಮಾತೂ ಖರೆಯೆನಿಸಿತು. ಆದರೆ ಅವನು ಬಂದದ್ದು ತೀರ್ಪು ಕೊಡಲಿಕ್ಕಲ್ಲ.

"ಮಾಸ್ತರ್ರ, ಈ ವರ್ಷದ ಪುಸ್ತಕದಾಗ ಇದರ ಬೆಲಿ ನಲವತ್ತಾರು ಸಾವಿರ. ನಿಮ್ಮ ಮಗಳು ಬಾಯಾರು ಹೇಳಿದಂಗ ಫೋನಿನಾಗ ಎರಡು ಲಕ್ಷ. ಹೌದಲ್ರಿ?"

"ಓದಾಕ ಬರ್ತದಲ್ಲ ನಿಮಗ."

"ಬರ್ತದರಿ. ಅದಕ್ಕೇ ಈ ಚೀಟಿನೂ ಓದೀನಿ." ಅವನು ಚೀಟಿಯ ಎರಡನೆಯ ಸಾಲಿನ ಕೆಳಗೆ ಉಗುರು ಎಳೆದ. "ದರ್ಜೆ: ಸ್ವಚ್ಛ. ಬೆಲೆ: ಐವತ್ತೆರಡು ಸಾವಿರದ ಐನೂರು. ಪುಸ್ತಕದಾಗೂ ಇಲ್ಲ, ಫೋನಿನಾಗೂ ಇಲ್ಲ. ಇದು ಎಲ್ಲಿ ಬೆಲಿರಿ?"

ರಾಯರ ಕೈಯಲ್ಲಿದ್ದ ಕನ್ನಡಕ ಅಲ್ಲೇ ನಿಂತಿತು.

ಉತ್ತರ ಬಂದದ್ದು ಬಾಗಿಲಿನಿಂದ. ತಂದೆಯನ್ನು ಇನ್ನೊಮ್ಮೆ ಚುಚ್ಚುವ ಆತುರದಲ್ಲಿ ಅಲಕಾ ತಾನು ಏನು ಹೇಳುತ್ತಿದ್ದೇನೆಂಬುದನ್ನು ತೂಗಿ ನೋಡಲಿಲ್ಲ.

"ಅದು ಬರೋ ವರ್ಷದ್ದು. ಪ್ರತಿ ವರ್ಷ ಇವರು ಚೂರುಪಾರು ಏರಸ್ತಾರ. ಮೊನ್ನೆ ಕರಡು ತಿದ್ದೀನಿ ನಾ."

ಮಾತು ಮುಗಿದ ಮೇಲೆ ಆಕೆಗೆ ಅರ್ಥವಾಯಿತು. ಚೌಕಟ್ಟಿನಿಂದ ಬೆನ್ನು ತೆಗೆದು ನೆಟ್ಟಗೆ ನಿಂತಳು.

ಮೇಜಿನ ಒಂದು ಮೂಲೆಯಲ್ಲಿ, ಹಿತ್ತಾಳೆಯ ಗುಂಡಿನ ಕೆಳಗೆ, ಕರಡಚ್ಚಿನ ಹಾಳೆಗಳ ಕಟ್ಟು ಇತ್ತು. ನರಸಿಂಗ ಅದನ್ನು ಮುಟ್ಟಲಿಲ್ಲ. ಆ ಹಾಳೆಗಳನ್ನು ಎಷ್ಟು ಜನ ನೋಡಿದ್ದಾರೆಂದು ಮಾತ್ರ ಕೇಳಿದ. ರಾಯರು ಕನ್ನಡಕ ಹಾಕಿಕೊಂಡರು. ಹಾಗಾದರೆ ತಾನೇ ಹೇಳುವೆನೆಂದು ನರಸಿಂಗ ಎಣಿಸಿದ: ಬರೆದವರು ಒಬ್ಬರು, ತಿದ್ದಿದವರು ಒಬ್ಬರು, ಅಚ್ಚುಕೂಟದ ಹಬೀಬ ಒಬ್ಬ. ಕೈಪಿಡಿಯಲ್ಲಿ ಅಚ್ಚಾಗಿದ್ದ ಸಂಖ್ಯೆ ನೋಡಿ ಹಬೀಬನನ್ನು ಬರುವ ದಾರಿಯಲ್ಲಿ ಫೋನಿನಲ್ಲಿ ವಿಚಾರಿಸಿಯಾಗಿತ್ತು. ಮೊಳೆ ಜೋಡಿಸಿದ ಮಾರನೆಯ ದಿನವೇ ಅವನು ಹೈದರಾಬಾದಿನ ದವಾಖಾನೆಗೆ ಸೇರಿ ಇನ್ನೂ ಅಲ್ಲಿಯೇ ಇದ್ದಾನೆ.

"ಓದು ಬರದ ಹೆಣ್ಣುಮಗಳೊಬ್ಬಳು, ಇನ್ನೂ ಅಚ್ಚಾಗದ ಪುಸ್ತಕ ನೋಡಿ, ಬರೋ ವರ್ಷದ ಬೆಲಿ ಕೇಳ್ಯಾಳ. ಹೆಂಗ ನಂಬಲಿ ಮಾಸ್ತರ್ರ?"

"ನನ್ನ ಮನ್ಯಾಗ ಕೂತು ನನಗೇ ಪಂಚಾಯ್ತಿ ಹೇಳಬ್ಯಾಡ. ಏಳು."

ಬಹುವಚನ ಕಳಚಿ ಬಿದ್ದಿತ್ತು. ನರಸಿಂಗ ಅದನ್ನೂ ಲೆಕ್ಕಕ್ಕೆ ಹಿಡಿದ, ಏಳಲಿಲ್ಲ.

ಆಗಲೇ ಕರೆಂಟು ಹೋಯಿತು. ತಲೆಯ ಮೇಲಿನ ಪಂಖಾ ನಾಲ್ಕು ಸುತ್ತು ತಿರುಗಿ ನಿಂತಿತು. ಹೊರಗಿನ ಕೊಡಗಳ ಸದ್ದು ಒಮ್ಮೆಲೆ ಹತ್ತಿರ ಬಂತು. ನರಸಿಂಗ ಕಿವಿಗೊಟ್ಟು ಕಾದ. ಮನೆಯೊಳಗೆ ಬೇರೆ ಯಾವ ಯಂತ್ರವೂ ಎಚ್ಚರಗೊಳ್ಳಲಿಲ್ಲ.

"ಇನ್ವರ್ಟರ್ ಇಲ್ಲೇನ್ರಿ ಮಾಸ್ತರ್ರ?"

ಇಲ್ಲವೆಂದು ಹೇಳಿದವಳು ಅಲಕಾ, ಅನುಮಾನದ ದನಿಯಲ್ಲಿ.

"ಗಾಡಿ?"

ಅದೂ ಇಲ್ಲ.

"ಹಂಗಾರ ಪಡಸಾಲ್ಯಾಗ ಬ್ಯಾಟರಿ ನೀರಿನ ಎರಡು ಕ್ಯಾನು ಯಾಕ ಅದಾವ?"

ನರಸಿಂಗ ಬೆರಳಚ್ಚು ವಿಭಾಗದಲ್ಲಿ ಮೂವತ್ತೆರಡು ವರ್ಷ ಮನುಷ್ಯರ ಕೈಯ ಜಿಡ್ಡನ್ನೇ ಓದಿ ಸಂಬಳ ಪಡೆದು ನಿವೃತ್ತನಾದವನು. ಬೆಳಿಗ್ಗೆ ಸಲಾವೋದ್ದೀನನ ಅಂಗಡಿಯಲ್ಲಿ ನೋಟನ್ನು ಬೆಳಕಿಗೆ ಹಿಡಿದಾಗಲೇ ಅವನ ಮನಸ್ಸು ಕೆಟ್ಟಿತ್ತು. ಎಂಬತ್ತು ವರ್ಷ ಜೇಬಿನಿಂದ ಜೇಬಿಗೆ, ಗಂಟಿನಿಂದ ಗಂಟಿಗೆ ಅಲೆದ ಕಾಗದ ಅದು. ಮಡಿಕೆಗಳಲ್ಲಿ ಒಂದು ಕೂದಲಿನಷ್ಟೂ ಕೊಳೆಯಿಲ್ಲ. ಖಜಾನೆಯವರು ಗುಂಡುಸೂಜಿ ಚುಚ್ಚಿದ ತೂತುಗಳು ಉಬ್ಬಿ ಮುಚ್ಚಿಕೊಂಡಿವೆ. ಮೂಗಿಗೆ ಹಿಡಿದರೆ ಗಂಜಿಯ ವಾಸನೆ. ನೋಟನ್ನು ತೊಳೆದಿದ್ದರು. ತೊಳೆದು, ಗಂಜಿ ಕೊಟ್ಟು, ಭಾರ ಹೇರಿ ಒತ್ತಿದ್ದರು.

ಸಲಾವೋದ್ದೀನ ಹೊಟ್ಟೆ ಹಿಡಿದು ನಕ್ಕಿದ್ದ. ಫೋನಿನಲ್ಲಿ ಕೊಳ್ಳುವವರು ಚಿತ್ರವನ್ನು ಹಿಗ್ಗಿಸಿ ಕಾಗದದ ಎಳೆ ಎಳೆಯನ್ನೂ ಎಣಿಸುತ್ತಾರೆ, ತೊಳೆದ ನೋಟನ್ನು ಹೆಣದ ಹಾಗೆ ದೂರ ಇಡುತ್ತಾರೆ. ಕೊಳೆಯ ಸಮೇತ ಎರಡು ಲಕ್ಷ ಬಾಳುತ್ತಿದ್ದುದಕ್ಕೆ ಈಗ ಹದಿನೈದು ಸಾವಿರ ಕೊಟ್ಟರೂ ಧರ್ಮ ಮಾಡಿದಂತೆ. ನೋಟನ್ನು ತೊಳೆದು ಲಾಭ ಕಾಣಬಹುದಾದ ಜಾಗ ಲೋಕದಲ್ಲಿ ಒಂದೇ ಉಳಿದಿದೆ: ಕೈಪಿಡಿ. ಅದರಲ್ಲಿ ಕೊಳೆಯಾದ ನೋಟಿಗೆ ‘ಸಾಧಾರಣ’ದ ಕಲಮು, ಇಪ್ಪತ್ತು ಸಾವಿರ. ಕೊಳೆ ಹೋದರೆ ‘ಸ್ವಚ್ಛ’ದ ಕಲಮು, ಇಮ್ಮಡಿಗೂ ಮೇಲೆ. ಇಂಥ ತಪ್ಪನ್ನು ಈ ಕಾಲದ ಮನುಷ್ಯ ಮಾಡುವುದಿಲ್ಲ, ಬುಕ್ಕು ನಂಬಿದವನೇ ಮಾಡಬೇಕು ಎಂದಿದ್ದ ಸಲಾವೋದ್ದೀನ.

ಇದನ್ನೆಲ್ಲ ನರಸಿಂಗ ಈಗ ರಾಯರ ಮುಖಕ್ಕೆ ನೇರವಾಗಿ ಹೇಳಿದ. ತೊಳೆಯಲು ಉಪ್ಪಿಲ್ಲದ ನೀರು ಬೇಕು. ಟ್ಯಾಂಕರಿನ ನೀರು ಬಿಳಿಯ ಪೊರೆ ಬಿಡುತ್ತದೆ. ಕುಡಿಯುವ ನೀರೇ ಹನ್ನೆರಡು ದಿನಕ್ಕೊಮ್ಮೆ ಬರುವ ಊರಿನಲ್ಲಿ ಬೇರೆ ದಾರಿಯಿಲ್ಲದೆ ಬ್ಯಾಟರಿಯ ನೀರು ತರಿಸಿದ್ದಾರೆ. ಲಕೋಟೆಯ ಮೇಲೆ ಭಾಲ್ಕಿಯ ಠಸ್ಸೆ. ಬೆಲೆ, ಈ ಮೇಜಿನ ಮೇಲಿನ ಕರಡಿನದು.

"ನೋಟು ಕದ್ದವರು ನೀವು ಮಾಸ್ತರ್ರ. ಸೆರ್ಯಾಗ ಕೂತಾಕಿ ಶಾಲುಬಾಯಿ."

ರಾಯರು ಮೇಜಿನ ಖಾನೆ ತೆರೆದು, ಚಪ್ಪಟೆ ಬಾಯಿಯ ಚಿಮಟವೊಂದನ್ನು ತೆಗೆದು, ನೋಟನ್ನು ಅಂಚಿನಿಂದ ಹಿಡಿದು ಎತ್ತಿದರು. ಬರಿಗೈಯಿಂದ ಮುಟ್ಟಲಿಲ್ಲ. ಅವರ ದನಿಯಲ್ಲಿ ಅಂಜಿಕೆಯಿರಲಿಲ್ಲ, ಸಿಟ್ಟಿತ್ತು.

"ನನ್ನ ಪುಸ್ತಕದ ಮೊದಲ ಪುಟದಾಗ ಏನು ಬರದೀನಿ, ಓದೀ ಏನು? ತೊಳೆದ ನೋಟು ಸತ್ತ ನೋಟು. ಇಪ್ಪತ್ತಾರು ವರ್ಷ ಅದನ್ನೇ ಬರದೀನಿ."

"ಬರದೀರಿ. ತೊಳದೀರಿನೂ."

"ತೊಳದೀನಿ." ಅವರು ನೋಟನ್ನು ಮೇಜಿನ ಮೇಲೆ ಇಳಿಸಿ ಚಿಮಟವನ್ನು ಪಕ್ಕಕ್ಕಿಟ್ಟರು. "ಆದ್ರ ಕದ್ದಿಲ್ಲ. ನೋಟಿನ ಧಣಿ ತಾನೇ ಬಂದು ಕೈಯಾಗ ಕೊಟ್ಟು ಹೋಗ್ಯಾನ. ಗೋವಿಂದ."

ನರಸಿಂಗ ಕೂತಲ್ಲೇ ಕದಲಿದ. ಬಿಡಿಸಿದೆನೆಂದುಕೊಂಡಿದ್ದ ಗಂಟು ಅವನ ಕೈಯಲ್ಲೇ ಇನ್ನೊಂದು ಕಡೆಯಿಂದ ಬಿಗಿಯಿತು. ಗೋವಿಂದರಾವನ ಫಿರ್ಯಾದಿಯಲ್ಲಿ ಬರೆದದ್ದೇ ಬೇರೆ: ಯುಗಾದಿಗೆ ಮೊದಲು ಕಪಾಟಿಗೆ ಸೇರಿದ ನೋಟು ಹೊರಗೇ ಬಂದಿರಲಿಲ್ಲ, ಮನೆಯಲ್ಲಿ ಕೆಲಸದವಳ ಹೊರತು ಆ ಕೋಣೆಗೆ ಯಾರೂ ಕಾಲಿಟ್ಟಿಲ್ಲ.

ರಾಯರು ಹೇಳತೊಡಗಿದರು, ಕಿಟಕಿಯನ್ನು ನೋಡುತ್ತಲೇ. ಯುಗಾದಿಯ ಮರುದಿನ ಗೋವಿಂದ ಜೀಪಿನಲ್ಲಿ ಬಂದ. ಹೊಸ ಕೈಪಿಡಿಯ ಮುದ್ರಣಕ್ಕೆ ಕಾಗದ ಕೊಳ್ಳುವ ಶಕ್ತಿಯೂ ರಾಯರಿಗಿರಲಿಲ್ಲ. ಬರಗಾಲದಲ್ಲಿ ಪುಸ್ತಕ ಕೇಳುವವರು ಯಾರು. ಐನೂರು ಪ್ರತಿ ನಾನು ಕೊಳ್ಳುತ್ತೇನೆ, ನೋಟನ್ನು ತುಸು ಚೊಕ್ಕ ಮಾಡಿಕೊಡಿ ಎಂದ. ನೀರನ್ನೂ ತಾನೇ ತಂದಿದ್ದ. ಬರುವ ವರ್ಷ ‘ಸ್ವಚ್ಛ’ದ ಬೆಲೆ ಏನು ಹಾಕುವಿರೆಂದು ಕೇಳಿದ, ಇವರು ಹೇಳಿದರು. ನಾಲ್ಕು ದಿನದ ಮೇಲೆ ಬಂದು ನೋಟು ಒಯ್ದ. ಭಾಲ್ಕಿಯ ಅಂಚೆಗೆ ಅವನೇ ಹಾಕಿರಬೇಕು.

ಅಲ್ಲಿಂದ ಮುಂದಿನದನ್ನು ಅಲಕಾ ತುಂಬಿದಳು, ಇಷ್ಟವಿಲ್ಲದೆ. ಸಲಾವೋದ್ದೀನನಿಂದ ಉತ್ತರ ಬಾರದಾಗ ಗೋವಿಂದ ಫೋನಿನ ಗುಂಪೊಂದರಲ್ಲಿ ನೋಟಿನ ಹಳೆಯ ಚಿತ್ರ ಹಾಕಿದ. ತೊಳೆಯುವ ಮೊದಲಿನ ಚಿತ್ರ. ಪುಣೆಯವನೊಬ್ಬ ಎರಡು ಲಕ್ಷಕ್ಕೆ ಒಪ್ಪಿ, ಸೋಮವಾರ ಖುದ್ದು ಬಂದು ಒಯ್ಯುತ್ತೇನೆಂದ. ತಾನೂ ಆ ಗುಂಪಿನಲ್ಲಿದ್ದುದರಿಂದ ಆ ಸಂದೇಶಗಳನ್ನು ಆಕೆ ಕಣ್ಣಾರೆ ಓದಿದ್ದಳು. ಸೋಮವಾರ ಅವನ ಮುಂದೆ ಇಡಲು ಗೋವಿಂದನ ಬಳಿ ಇದ್ದದ್ದು ಹೆಣ, ಅದೂ ಕೈಯಲ್ಲಿರಲಿಲ್ಲ. ಕೊಟ್ಟ ಮಾತಿನಿಂದ ಜಾರಿಕೊಳ್ಳಬೇಕಾದರೆ ನೋಟು ಕಳುವಾಗಲೇಬೇಕಿತ್ತು.

"ಅದಕ್ಕ ಶಾಲುಬಾಯಿನೇ ಯಾಕ?" ನರಸಿಂಗ ಕೇಳಿದ. "ಅವನ ಮನ್ಯಾಗ ಡ್ರೈವರ್ ಅದಾನ, ಮ್ಯಾನೇಜರ್ ಅದಾನ."

"ನೀರಿನ ಕ್ಯಾನು ಜೀಪಿನಿಂದ ಇಳಿಸಿ ಇಟ್ಟಾಕಿ ಆಕಿನೇ," ಎಂದರು ರಾಯರು. "ಪಡಸಾಲ್ಯಾಗ ಕೂತಿದ್ದಳು. ಗೋವಿಂದ ನೋಟು ನನ್ನ ಕೈಯಾಗ ಕೊಟ್ಟಿದ್ದು ನೋಡ್ಯಾಳ. ಏನು ನೋಡೀನಿ ಅನ್ನೋದು ಆಕಿಗಿ ತಿಳದಿರಲಿಕ್ಕಿಲ್ಲ. ನೋಡಿದ್ದಂತೂ ಖರೆ."

ಸಾಕ್ಷಿಯನ್ನು ಕಳ್ಳಿ ಮಾಡಿಬಿಟ್ಟರೆ ಆಕೆಯ ಸಾಕ್ಷಿಗೆ ಕಾಸಿನ ಬೆಲೆ ಇರುವುದಿಲ್ಲ. ನರಸಿಂಗ ತನ್ನ ಸೇವಾಕಾಲದಲ್ಲಿ ಬಹಳ ದುಷ್ಟರನ್ನು ಕಂಡಿದ್ದ. ಇಷ್ಟು ಮಿತವ್ಯಯದ ದುಷ್ಟನನ್ನು ಕಂಡಿರಲಿಲ್ಲ.

ಅಲಕಾ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯೊಂದು ಸದ್ದು ಮಾಡಿತು.

ಇದನ್ನು ಬರೆದು ಸಹಿ ಮಾಡಿಕೊಡಬೇಕೆಂದು ನರಸಿಂಗ ಕೇಳಿದಾಗ ರಾಯರು ಒಮ್ಮೆಲೆ ನಕ್ಕರು, ಒಣಗಿದ ನಗೆ. ಬರೆದುಕೊಟ್ಟರೆ ಸಂಜೆಗೆ ಅದು ಬೀದರಿನ ಪೇಟೆಯಲ್ಲಿರುತ್ತದೆ, ರಾತ್ರಿಗೆ ಊರೂರಿನ ಫೋನುಗಳಲ್ಲಿ. ತೊಳೆಯಬೇಡಿರೆಂದು ಇಪ್ಪತ್ತಾರು ವರ್ಷ ಬೋಧಿಸಿದವನು ತಾನೇ ತೊಳೆದನೆಂದ ಮೇಲೆ ಅವನ ಪುಸ್ತಕದಲ್ಲಿ ಅಚ್ಚಾದ ಯಾವ ಅಂಕಿಯನ್ನು ಯಾರು ನಂಬುತ್ತಾರೆ. ಒಂದು ಕಸಗುಡಿಸುವವಳಿಗಾಗಿ ತಾನು ತನ್ನ ಕೈಯಾರೆ ತನ್ನ ಬದುಕಿಗೆ ಬೆಂಕಿ ಹಚ್ಚಬೇಕೇ.

"ನಿಮ್ಮ ಮಂದಿಗಿ ನಿಮ್ಮ ಮಂದಿದೇ ಚಿಂತಿ," ಎಂದರು.

ನರಸಿಂಗ ಎದ್ದು ನಿಂತ. ಅವನ ದನಿ ಏರಲಿಲ್ಲ. ಏರದಿರುವುದೇ ಅದರ ಹರಿತವಾಗಿತ್ತು.

"ಹೌದ್ರಿ, ಚಿಂತಿ ಅದ. ನೀವು ಈಗ ಹೇಳಿದ್ರಲ್ಲ, ಓದು ಬಂದವ ಒಬ್ಬ ಪುಟದ ಮ್ಯಾಲ ಬೆರಳಿಟ್ಟು ಕೇಳಬೇಕು ಅಂತ. ನಾ ಅದೇ ಒಬ್ಬ. ಬೆರಳಿಡಾಕ ಒಂದು ಪುಟ ಕೊಡ್ರಿ. ಇಲ್ಲಂದ್ರ ನಿಮ್ಮ ಬಾಯಾರು ಹೇಳಿದ್ದೇ ಖರೆ. ನಿಮ್ಮ ಪುಸ್ತಕ ಕಳ್ಳರ ಸರ್ಟಿಫಿಕೇಟ್."

ಹೊರಗೆ ಟ್ಯಾಂಕರು ಬಂತು. ಕೊಡಗಳು ಒಂದನ್ನೊಂದು ಗುದ್ದಿಕೊಂಡು ಓಡಿದವು, ಹೆಂಗಸರ ಬೈಗುಳ ಓಣಿ ತುಂಬಿತು. ಟ್ಯಾಂಕರಿನ ಹೊಟ್ಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಗೋವಿಂದರಾವನ ಹೆಸರಿತ್ತು. ರಾಯರು ಅದನ್ನು ಓದಿದರು. ಬಹಳ ಹೊತ್ತು ಓದಿದರು.

ಆಮೇಲೆ ಮಸಿಯ ಪೆನ್ನಿನ ಟೋಪಿ ತೆಗೆದರು.

ಹಳೆಯ ಕಾಲದ ಬರವಣಿಗೆ ಅದು. ಎಡಕ್ಕೆ ಎರಡು ಬೆರಳು ಅಂಚು ಬಿಟ್ಟು, ದಿನಾಂಕ, ಸ್ಥಳ, ತಂದೆಯ ಹೆಸರು, ವಯಸ್ಸು; ಅನಂತರ ಒಂದೊಂದೇ ವಾಕ್ಯ, ಕರ್ತೃ ಕ್ರಿಯಾಪದಗಳು ಸರಿಯಾಗಿ ಕೈಹಿಡಿದು ನಡೆಯುವ ಹಾಗೆ. ಒಂದು ಹಾಳೆ ಮುಗಿದರೆ ಅದು ಆರುವವರೆಗೆ ಕಾದರು. ನರಸಿಂಗ ಅವಸರ ಮಾಡಿದಾಗ, ನೆಟ್ಟಗಿಲ್ಲದ ವಾಕ್ಯವನ್ನು ವಕೀಲರು ಬಗ್ಗಿಸುತ್ತಾರೆಂದು ಗದರಿದರು. ಮೂರು ಹಾಳೆ. ಒಂದು ಚಿತ್ತಿಲ್ಲ, ಒಂದು ತಿದ್ದುಪಡಿಯಿಲ್ಲ. ಕೊನೆಯಲ್ಲಿ ತಾವು ನೋಟನ್ನು ತೊಳೆದುದಾಗಿಯೂ, ಅದಕ್ಕೆ ಪ್ರತಿಫಲವಾಗಿ ಐನೂರು ಪ್ರತಿಗಳ ಆಸೆಗೆ ಬಿದ್ದುದಾಗಿಯೂ ಬರೆದು ಸಹಿ ಮಾಡಿದರು. ಕೆಳಗೆ ಸಂಪಾದಕರು ಎಂದು ಬರೆಯುವುದು ಅಭ್ಯಾಸ. ಅಂದು ನಿವೃತ್ತ ಶಿಕ್ಷಕರು ಎಂದಷ್ಟೇ ಬರೆದರು.

ಮೂರೂ ಕಾಲು. ಇನ್ನೂ ಸಮಯವಿತ್ತು. ನರಸಿಂಗ ಹಾಳೆಗಳನ್ನು ಮಡಿಚಿ ಒಳಜೇಬಿಗೆ ಸೇರಿಸಿ, ಔರಾದಿನ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಬಾಬುಮಿಯಾನಿಗೆ ಫೋನು ಹಚ್ಚಿದ. ತಾನು ಬರುವವರೆಗೆ ಶಾಲುಬಾಯಿಯನ್ನು ಠಾಣೆಯಿಂದ ಕದಲಿಸಬಾರದೆಂದು ಹೇಳುವಷ್ಟರಲ್ಲಿ ಅತ್ತಣ ದನಿ ನಗುತ್ತ ಅಡ್ಡ ಬಂತು.

"ನಿಮ್ಮ ಕೆಲಸ ಹಗುರಾತಲ್ರಿ ಸಾಹೇಬ್ರ. ಗೋವಿಂದರಾವ್ ಅವರು ಅರ್ಜಿ ವಾಪಸ್ ತಗೊಂಡ್ರು. ನೋಟು ಮನ್ಯಾಗೇ ಸಿಕ್ತಂತ."

ನರಸಿಂಗ ಮೇಜಿನ ಮೇಲೆ ನೋಡಿದ. ನೋಟು ಚಿಮಟದ ಪಕ್ಕದಲ್ಲಿ ಹಾಗೆಯೇ ಬಿದ್ದಿತ್ತು.

"ಆಕಿ ಎಲ್ಲಿ ಅದಾಳ?"

"ಗೋವಿಂದರಾವ್ ಅವರೇ ಜೀಪಿನಾಗ ಕೂಡಿಸ್ಕೊಂಡು ಹೋದ್ರು. ಪಾಪ, ತಪ್ಪಾತು ಅಂತ ಕೈ ಮುಗದ್ರು ಆಕಿಗಿ. ಟ್ರಕ್ಕಿನ ಹತ್ರ ಬಿಡ್ತೇನಿ ಅಂದ್ರು. ಮುಕ್ಕಾಲು ತಾಸಾತು."

ಠಾಣೆಯಿಂದ ಟ್ರಕ್ಕು ನಿಂತ ಬಯಲಿಗೆ ನಡೆದುಹೋದರೂ ಐದು ನಿಮಿಷ. ನರಸಿಂಗ ಕಾಶೀರಾಮನಿಗೆ ಫೋನು ಮಾಡಿದ. ಮೊದಲ ಗಂಟೆಗೇ ಎತ್ತಿಕೊಂಡ ಕಾಶೀರಾಮ, ಏನಾತ್ರಿ, ಆಕಿಗಿ ಬಿಟ್ಟಾರೇನ್ರಿ ಎಂದು ಇವನನ್ನೇ ಕೇಳಿದ. ಯಾವ ಜೀಪೂ ಅಲ್ಲಿಗೆ ಬಂದಿರಲಿಲ್ಲ.

ಗೋವಿಂದರಾವನ ಫೋನು ಸ್ವಿಚ್ ಆಫ್ ಆಗಿತ್ತು.

ಮುಕ್ಕಾಲು ತಾಸು. ರಾಯರು ಮೊದಲ ಹಾಳೆಯ ಅಂಚು ಬಿಡುತ್ತಿದ್ದ ಹೊತ್ತು ಅದು. ಅದಕ್ಕೂ ಮುಂಚೆ ಈ ಕೋಣೆಯಲ್ಲಿ ಆಡಿದ ಮಾತು ನಲವತ್ತೈದು ಕಿಲೋಮೀಟರು ದೂರದ ಔರಾದಿಗೆ ಹೇಗೆ ಮುಟ್ಟಿತು?

ರಾಯರು ಅವನಿಗಿಂತ ಮೊದಲು ಅಡುಗೆಮನೆಯ ಬಾಗಿಲತ್ತ ತಿರುಗಿದರು.

ಅಲಕಾ ಅಲ್ಲಿ ನಿಂತಿದ್ದಳು. ಮುಖದಲ್ಲಿ ಮೊದಲಿನ ಆ ವ್ಯಂಗ್ಯದ ಒಂದು ಗೆರೆಯೂ ಉಳಿದಿರಲಿಲ್ಲ. ಫೋನನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದಳು.

"ಬಾಬಾ, ನಿಮ್ಮ ಹೆಸರು ಹೊರಗ ಬರಬಾರದು ಅಂತ ಮಾಡೀನಿ. ಗೋವಿಂದಗ ಫೋನ್ ಹಚ್ಚಿ, ಕೇಸ್ ವಾಪಸ್ ತಗೋ, ಎಲ್ಲಾ ಇಲ್ಲೇ ಮುಗೀತದ ಅಂದೆ. ಅವ ಒಪ್ಪಲಿಲ್ಲ." ಆಕೆಯ ಕಣ್ಣು ಮೇಜಿನ ಮೇಲಿನ ನೋಟಿನತ್ತ ಹೋಯಿತು. "ಆ ದಿನ ನೋಟು ಕೊಟ್ಟಿದ್ದು ಶಾಲುಬಾಯಿ ನೋಡ್ಯಾಳ, ಕೋರ್ಟಿನಾಗ ಹೇಳ್ತಾಳ ಅಂತ ನಾ ಅಂದ ಮ್ಯಾಲೆ ಒಪ್ಪಿದ."